ಒಂದು ಅಂಗೈ ಜಾಗ

ಡೀವರ್ ಬಚ್ಚಲಿನ ಸಿಂಕಿನ ಮುಂದೆ ನಿಂತು ಬಲಗೈ ಬೆರಳಿಗೆ ಸೋಪು ಹಚ್ಚಿ ಮದುವೆಯ ಉಂಗುರವನ್ನು ತಿರುಗಿಸುತ್ತಿದ್ದಳು. ನಲವತ್ತೊಂಬತ್ತು ವರ್ಷ ಅಲ್ಲೇ ಇದ್ದ ಉಂಗುರ, ಗೆಣ್ಣಿನವರೆಗೆ ಬಂದು ಹಟ ಹಿಡಿದು ಕೂತಿತ್ತು.

"ಇವತ್ತೇ ಯಾಕಮ್ಮ ಅದನ್ನ ತೆಗೀತಿದ್ದೀಯ?" ಮಗಳು ಮಾರಿತ್ ಬಾಗಿಲಲ್ಲಿ ನಿಂತಿದ್ದಳು. ಕಪ್ಪು ಕೋಟು ಹಾಕಿಕೊಂಡಿದ್ದಳು, ಶೂ ಮಾತ್ರ ಒಂದೇ ಕಾಲಿಗೆ.

"ಎಲ್ರೂ ಕೈ ಕುಲುಕ್ತಾರಲ್ಲ. ಕಳೆದ ಸಲ ಉಂಗುರ ಒತ್ತಿ ಒತ್ತಿ ಬೆರಳು ಬಾತ್ಕೊಂಡಿತ್ತು."

ಕಳೆದ ಸಲವೆಂದರೆ ಇಪ್ಪತ್ತೆಂಟು ವರ್ಷದ ಹಿಂದೆ, ಮಗ ವೂಟರ್ ಮೊಪೆಡ್ಡಿನಿಂದ ಬಿದ್ದು ಸತ್ತಾಗ. ಅವನಿಗೆ ಹತ್ತೊಂಬತ್ತು. ಶಾಲೆಯವರು, ಫುಟ್‌ಬಾಲಿನವರು, ಅಪ್ಪನ ಫ್ಯಾಕ್ಟರಿಯವರು, ಝಾನ್ ನದಿಯ ಎರಡೂ ದಡದವರು ಬಂದಿದ್ದರು. ಹೂಳುವ ಮುಂಚೆ ಮನೆಯವರು ಪೆಟ್ಟಿಗೆಯ ಪಕ್ಕ ನಿಲ್ಲಬೇಕು, ಬಂದವರೆಲ್ಲ ಸಾಲಾಗಿ ಬಂದು ಕೈ ಕುಲುಕಿ ಎರಡು ಮಾತು ಹೇಳಬೇಕು. ಸಾಲು ಬಾಗಿಲು ದಾಟಿ ರಸ್ತೆಗೆ ಹೋಗಿತ್ತು. ಹಿಂದಿನವರು ಚಳಿಗೆ ಒಳಗೆ ನುಗ್ಗಿದರು, ಮುಂದಿನವರು ಡೀವರ್‌ಳ ಮೈಮೇಲೆ ಬಂದರು. ಎಂಬತ್ತೋ ತೊಂಬತ್ತೋ ಕೈಗಳಾದ ಮೇಲೆ ಅವಳಿಗೆ ಮುಖಗಳು ಕಾಣುವುದು ನಿಂತಿತು. ಬರೀ ಕೈಗಳು ಬರುತ್ತಿದ್ದವು. ಆಮೇಲೆ ಅವೂ ಇಲ್ಲ. ಎಚ್ಚರವಾದಾಗ ಯಾವುದೋ ಹಿಂದಿನ ಕೋಣೆಯಲ್ಲಿ ಮಲಗಿದ್ದಳು, ಡಾಕ್ಟರು ಸೂಜಿ ಚುಚ್ಚಿ ಹೋಗಿದ್ದರು. ಮಗನ ಪೆಟ್ಟಿಗೆ ಮಣ್ಣಿಗಿಳಿದದ್ದನ್ನು ಊರೆಲ್ಲ ನೋಡಿತು, ಹೆತ್ತವಳು ನೋಡಲಿಲ್ಲ.

"ಪೇಪರಲ್ಲಿ ಹಾಕಿಸ್ಬಿಡಬಹುದಿತ್ತು, ಕೈ ಕುಲುಕೋದು ಬೇಡ ಅಂತ," ಎಂದಳು ಮಾರಿತ್. "ಈಗ ಎಷ್ಟೋ ಜನ ಹಾಗೇ ಮಾಡ್ತಾರೆ."

"ಅಷ್ಟು ವರ್ಷ ನಿಮ್ಮಪ್ಪನ ಜೊತೆ ಕೆಲಸ ಮಾಡ್ದೋರು ಬರ್ತಾರೆ. ಅವರಿಗೆ ಬಾಗಿಲಲ್ಲೇ ಕಾಫಿ ಕೊಟ್ಟು ಕಳಿಸ್ಲಾ?"

"ಮತ್ತೆ ಬಿದ್ರೆ?"

"ಬೀಳಲ್ಲ. ಇವನು ಇಳಿಯೋದನ್ನಾದ್ರೂ ನಾನು ನೋಡ್ಬೇಕು. ಅಷ್ಟೇ."

ಉಂಗುರ ಕಳಚಿ ಬಂತು. ಡೀವರ್ ಅದನ್ನು ಸೋಪಿನ ಬಟ್ಟಲಲ್ಲಿಟ್ಟು ಬರಿಗೈಯನ್ನು ನೋಡಿದಳು. ಗಂಡ ಸೀಮೆನ್ ಹೋಗಿ ಆರು ದಿನ. ಬೆಳಿಗ್ಗೆ ಬೂಟಿನ ಲೇಸು ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡಿದಂತಿತ್ತು.

*

ಸೀಮೆನ್ ನದಿಯಂಚಿನ ರಸ್ಕ್ ಫ್ಯಾಕ್ಟರಿಯವನು. ದುಂಡು ರಸ್ಕು, ಈ ಕಡೆ ಮಗು ಹುಟ್ಟಿದ ಮನೆಯಲ್ಲಿ ಬೆಣ್ಣೆ ಹಚ್ಚಿ, ಸೋಂಪಿನ ಸಕ್ಕರೆಕಾಳು ಉದುರಿಸಿ ಬಂದವರಿಗೆಲ್ಲ ಕೊಡುತ್ತಾರಲ್ಲ, ಅದೇ. ಒಲೆಯಿಂದ ಹೊರಬಂದ ರಸ್ಕುಗಳು ಆರುತ್ತ ಆರುತ್ತ ನಲವತ್ತು ಮೀಟರ್ ಬೆಲ್ಟಿನ ಮೇಲೆ ಬಂದು, ಕೊನೆಯಲ್ಲಿ ಕಾಗದ ಸುತ್ತುವ ಯಂತ್ರದೊಳಗೆ ಹೋಗುತ್ತಿದ್ದವು. ಆ ನಲವತ್ತು ಮೀಟರ್ ಸೀಮೆನ್‌ನದು. ಅಷ್ಟಕ್ಕೆ ಒಬ್ಬ ಮನುಷ್ಯನ ಇಡೀ ಬದುಕು ಬೇಕೇ ಎಂದು ಹೊರಗಿನವರು ನಗಬಹುದು, ಬೇಕಿತ್ತು.

ಇಲ್ಯಾಸ್ ಆ ಬೆಲ್ಟಿನ ಕೆಲಸಕ್ಕೆ ಬಂದಾಗ ಇಪ್ಪತ್ತೆರಡರವನು, ದೂರದ ಕೈಸೇರಿ ಕಡೆಯಿಂದ ಈ ದೇಶಕ್ಕೆ ಬಂದು ಎಂಟು ತಿಂಗಳಾಗಿತ್ತಷ್ಟೆ. ಮೊದಲ ವಾರವೇ ಯಂತ್ರದ ಕಾಗದ ಮುಗಿದು ಯಂತ್ರ ನಿಂತಿತು. ಬೆಲ್ಟು ನಿಲ್ಲಲಿಲ್ಲ. ರಸ್ಕುಗಳು ಒಂದರ ಬೆನ್ನಿಗೆ ಒಂದು ಬಂದು ಒತ್ತತೊಡಗಿದವು. ಎಲ್ಲಕ್ಕಿಂತ ಮುಂದಿನದು ಪಟಕ್ಕೆಂದು ಒಡೆಯಿತು. ಇಲ್ಯಾಸ್ ಓಡಿಹೋಗಿ ಒಡೆದದ್ದನ್ನು ಎರಡೂ ಕೈಯಲ್ಲಿ ಬಾಚಿ ತೆಗೆದ. ಜಾಗವಾಯಿತಲ್ಲ, ಹಿಂದಿನವು ಒಮ್ಮೆಲೇ ನುಗ್ಗಿ ಇನ್ನಷ್ಟು ಪುಡಿಯಾದವು. ಹೊಸಬರೆಲ್ಲ ಮಾಡುವ ತಪ್ಪೇ ಅದು.

ಸೀಮೆನ್ ಮುಂದಕ್ಕೆ ಬರಲೇ ಇಲ್ಲ. ಬೆಲ್ಟಿನ ತಿರುವಿನ ಹತ್ತಿರ ನಿಂತು ಅದಕ್ಕೆ ಅಡ್ಡವಾಗಿ ಒಂದು ಮರದ ಪಟ್ಟಿ ಇಳಿಸಿದ. ಹತ್ತು ಹೆಜ್ಜೆ ಹಿಂದೆ ಹೋಗಿ ಇನ್ನೊಂದು. ಅದರ ಹಿಂದೆ ಮತ್ತೊಂದು. ಒತ್ತುವುದು ನಿಂತಿತು.

"ಮುಂದೆ ಓಡಿ ಏನ್ಮಾಡ್ತೀಯ, ಮಾರಾಯ?" ಎಂದ. "ಒಡೆಯೋದು ಮುಂದೆ. ತಡೀಬೇಕಾದ್ದು ಹಿಂದೆ."

"ಒಡೆದದ್ದು ನಾಲ್ಕೇ, ಮೇಸ್ತ್ರಿ."

ಸೀಮೆನ್ ಚೆನ್ನಾಗಿದ್ದ ರಸ್ಕೊಂದನ್ನು ಎತ್ತಿ, ಜೇಬಿನ ಚಾಕುವಿನಿಂದ ಬೆಣ್ಣೆ ಹಚ್ಚುವವನಂತೆ ಮೆತ್ತಗೆ ಸವರಿದ. ರಸ್ಕು ಎರಡು ಹೋಳಾಯಿತು.

"ಇದು ಇಲ್ಲೇ ಬಿರುಕು ಬಿಟ್ಟಿತ್ತು, ಕಣ್ಣಿಗೆ ಕಾಣಲ್ಲ. ಯಾರದೋ ಮನೇಲಿ, ಯಾವತ್ತೋ ಬೆಣ್ಣೆ ಹಚ್ಚುವಾಗ ಒಡೆಯತ್ತೆ. ಆಗ ನಮ್ಮನ್ನ ಬೈತಾರೆ." ಆಮೇಲೆ ಯಂತ್ರ ಶುರುವಾದಾಗ ಪಟ್ಟಿಗಳನ್ನು ಒಟ್ಟಿಗೆ ಎತ್ತಲು ಬಿಡಲಿಲ್ಲ. ಮುಂದಿನದನ್ನು ಎತ್ತಿಸಿದ, ಅಂಗೈಯನ್ನು ಅಡ್ಡ ಹಿಡಿದು ತೋರಿಸಿದ. "ಇಷ್ಟು ಜಾಗ ಆಗ್ಲಿ. ಈಗ ಎರಡನೇದು. ಮತ್ತೆ ಇಷ್ಟು ಜಾಗ."

*

ಸ್ಮಶಾನದ ಸಭಾಂಗಣದಲ್ಲಿ ಒಂದಾದ ಮೇಲೊಂದು ಮೂರು ಕೋಣೆ: ಕೋಟು ತೂಗುಹಾಕುವುದು, ಕಾಫಿಯದು, ಕೊನೆಯದು ಪೆಟ್ಟಿಗೆಯದು. ಒಂದೂವರೆಗೆ ಡೀವರ್ ಮತ್ತು ಮಾರಿತ್ ಪೆಟ್ಟಿಗೆಯ ಪಕ್ಕ ನಿಂತರು. ಹಿಂದೆ ಒಂದು ಕುರ್ಚಿ ಇತ್ತು. ಅಂತ್ಯಕ್ರಿಯೆಯ ಕಂಪನಿಯಿಂದ ಬಂದಿದ್ದ ಲೋಟ್ಟೆ ಎಂಬಾಕೆ ಬೂದು ಕೋಟಿನಲ್ಲಿ, ಗಡಿಯಾರದ ಮೇಲೊಂದು ಕಣ್ಣಿಟ್ಟು ಓಡಾಡುತ್ತಿದ್ದಳು.

ಮೊದಲ ಅರ್ಧ ಗಂಟೆ ನೆರೆಹೊರೆಯವರು, ಅತ್ತಿಗೆಯರು, ಸಮಾಧಾನವಾಗಿ ಬಂದು ಹೋದರು. ಎರಡು ಗಂಟೆಗೆ ಫ್ಯಾಕ್ಟರಿಯ ಪಾಳಿ ಬಿಟ್ಟಿತು.

ಇಲ್ಯಾಸ್ ಕಾಫಿ ಕೋಣೆಯ ಕಿಟಕಿಯಿಂದ ನೋಡಿದ. ಎರಡು ಬಸ್ಸುಗಳು ಬಂದು ನಿಂತವು. ಇಳಿದವರು ಸೈಕಲ್ ಸ್ಟ್ಯಾಂಡಿನವರೆಗೆ ಸಾಲುಗಟ್ಟಿದರು. ಅವರ ಹಿಂದೆ ಪಿಂಚಣಿಯವರು. ಮಳೆ ಹನಿಯತೊಡಗಿತು, ಸಾಲು ಒಳಗೆ ಸರಿಯತೊಡಗಿತು. ಅವನು ಪೆಟ್ಟಿಗೆಯ ಕೋಣೆಯ ಕಡೆ ತಿರುಗಿದ. ಬಾಗಿಲಲ್ಲಿ ಆಗಲೇ ಹತ್ತು ಜನ ಒಬ್ಬರಿಗೊಬ್ಬರು ಅಂಟಿಕೊಂಡಿದ್ದರು. ಅವರಾಚೆ ಡೀವರ್‌ಳ ಎಡಗೈ ಪೆಟ್ಟಿಗೆಯ ಅಂಚನ್ನು ಹಿಡಿದಿತ್ತು.

*

ಹಳೆಯ ಬೆಲ್ಟು ತೆಗೆದು ಹೊಸದು ಹಾಕಿದ್ದು ವೂಟರ್ ಸತ್ತು ಎರಡು ವರ್ಷವಾದ ಮೇಲೆ. ಹೊಸದು ಒಂದೇ ಉದ್ದದ ಬೆಲ್ಟಲ್ಲ, ತುಂಡು ತುಂಡು. ತುಂಡಿಗೊಂದು ಪುಟ್ಟ ಎಲೆಕ್ಟ್ರಿಕ್ ಕಣ್ಣು. ಮುಂದಿನ ತುಂಡು ತುಂಬಿದ್ದು ಕಂಡರೆ ಹಿಂದಿನದು ತಾನೇ ನಿಲ್ಲುತ್ತಿತ್ತು. ರಸ್ಕು ರಸ್ಕನ್ನು ಮುಟ್ಟುತ್ತಲೇ ಇರಲಿಲ್ಲ. ಯಂತ್ರ ಕೂಡಿಸಲು ಬಂದ ಎಂಜಿನಿಯರು ತಿರುವಿನ ಕಣ್ಣನ್ನು ಒಂದು ಅಂಗೈಯಷ್ಟು ಮುಂದಿಟ್ಟುಬಿಟ್ಟಿದ್ದ. ಸೀಮೆನ್ ಮೂರು ವಾರ ಹೇಳಿ ಹೇಳಿ ಅದನ್ನು ಹಿಂದಕ್ಕೆ ತರಿಸಿದ.

ಅವತ್ತು ಅವನೂ ಇಲ್ಯಾಸನೂ ಖಾಲಿ ಓಡುತ್ತಿದ್ದ ಬೆಲ್ಟನ್ನು ನೋಡುತ್ತ ಕೂತಿದ್ದರು. ಮರದ ಪಟ್ಟಿಗಳಿಗೆ ಇನ್ನು ಕೆಲಸವಿರಲಿಲ್ಲ.

"ವೂಟರ್‌ನ ಮಣ್ಣಿನ ದಿನ ನಾನು ಡೀವರ್ ಪಕ್ಕದಲ್ಲೇ ನಿಂತಿದ್ದೆ," ಎಂದ ಸೀಮೆನ್, ಯಾರೂ ಕೇಳದೇ. "ಜನ ಒತ್ತಿಕೊಂಡು ಬರ್ತಿದ್ರು. ನಾನೂ ಕೈ ಕುಲುಕ್ತಾನೇ ಇದ್ದೆ. ನಲವತ್ತು ಮೀಟರ್ ರಸ್ಕು ನೋಡ್ತೀನಿ ನಾನು. ಹೆಂಡ್ತಿ ಮೇಲೆ ಬೀಳ್ತಿದ್ದ ಸಾಲು ಕಾಣಿಸ್ಲಿಲ್ಲ ನೋಡು."

"ಅವತ್ತು ಯಾರಿಗೆ ತಾನೇ ಕಾಣತ್ತೆ, ಮೇಸ್ತ್ರಿ?"

"ನನಗೆ ಕಾಣಬೇಕಿತ್ತು." ಸೀಮೆನ್ ಎದ್ದು ಪ್ಯಾಂಟಿನ ಪುಡಿ ಕೊಡವಿಕೊಂಡ. "ಮಗನನ್ನ ಮಣ್ಣಿಗಿಳಿಸಿದ್ದು ಅವಳು ನೋಡ್ಲಿಲ್ಲ. ನನ್ನನ್ನ ಬೈಯೋದೂ ಇಲ್ಲ, ಮಾರಾಯ."

*

ಇಲ್ಯಾಸ್ ಪೆಟ್ಟಿಗೆಯ ಕೋಣೆಗೆ ಹೋಗಲಿಲ್ಲ. ಹಿಂದಕ್ಕೆ ನಡೆದು ಕೋಟಿನ ಕೋಣೆಯ ಹೊರಬಾಗಿಲಿಗೆ ಬಂದ. ಅಲ್ಲಿ ಕಾಗದ ಸುತ್ತುವ ಯಂತ್ರದ ಕೆಲಸದವನು ಹುಯ್ಬ್ ಬೆವರೊರೆಸಿಕೊಳ್ಳುತ್ತಿದ್ದ. ಬಾಗಿಲು ತುಂಬುವಷ್ಟು ದಪ್ಪದ ಮನುಷ್ಯ.

"ಹುಯ್ಬ್, ಇಲ್ಲೇ ನಿಂತ್ಕೋ. ನಾನು ಕೈ ಎತ್ತೋವರೆಗೂ ಯಾರನ್ನೂ ಒಳಗೆ ಬಿಡ್ಬೇಡ."

"ನನ್ನ ಹೊಟ್ಟೆ ಇದ್ಯಲ್ಲ, ನಾನು ಹೇಳೋದೇ ಬೇಡ," ಎಂದ ಹುಯ್ಬ್. ಆಮೇಲೆ ಇಲ್ಯಾಸನ ಮುಖ ನೋಡಿ ಅವನಿಗೆ ಅರ್ಥವಾಯಿತು. "ತಿರುವಿನ ಹತ್ರ ನೀನಾ?"

"ಹೂಂ, ನಾನು."

ಕಾಫಿ ಕೋಣೆಯ ಈಚೆ ಬಾಗಿಲಿಗೆ ಒಲೆಯ ಪಾಳಿಯವನೊಬ್ಬನನ್ನು ನಿಲ್ಲಿಸಿ, ಇಲ್ಯಾಸ್ ಪೆಟ್ಟಿಗೆಯ ಕೋಣೆಯ ಬಾಗಿಲಿಗೆ ಹೋದ. ಅಂಟಿಕೊಂಡಿದ್ದ ಹತ್ತು ಜನರನ್ನು ಮುಂದಕ್ಕೆ ತಳ್ಳಲಿಲ್ಲ, ಎಳೆಯಲೂ ಇಲ್ಲ. ಹಿಂದಿನವರನ್ನು ಮೊದಲು ಕಾಫಿಗೆ ತಿರುಗಿಸಿದ, ಆಮೇಲೆ ಅವರ ಮುಂದಿನವರನ್ನು. ಬಾಗಿಲು ಖಾಲಿಯಾಯಿತು. ಎಡಗೈಯನ್ನು ಅಡ್ಡ ಚಾಚಿ ನಿಂತ. ಒಬ್ಬರು ಒಳಗೆ ಹೋಗಿ, ಕೈ ಕುಲುಕಿ, ಆಚೆ ಬಾಗಿಲಿನಿಂದ ಹೊರಬಿದ್ದ ಮೇಲೆ ಕೈ ಎತ್ತಿ ಇನ್ನೊಬ್ಬರನ್ನು ಬಿಟ್ಟ.

ಸಾಲಿನಲ್ಲಿ ಯಾರೂ ಏಕೆಂದು ಕೇಳಲಿಲ್ಲ. ಅರ್ಧಕ್ಕರ್ಧ ಜನ ಅದೇ ಬೆಲ್ಟಿನವರು. ಇನ್ನರ್ಧಕ್ಕೆ ಕಾಫಿಯೂ ಒಂದು ಚೂರು ಕೇಕೂ ಸಿಕ್ಕಿತ್ತು.

ಲೋಟ್ಟೆ ಓಡಿಬಂದಳು. "ಇದೇನ್ ಮಾಡ್ತಿದ್ದೀರಿ ನೀವು? ಮೂರಕ್ಕೆ ಪೆಟ್ಟಿಗೆ ಹೊರಡ್ಬೇಕು. ಹೀಗೆ ಒಬ್ಬೊಬ್ರನ್ನೇ ಬಿಟ್ರೆ ಮುಗಿಯಲ್ಲ."

"ಮುಗಿಯತ್ತೆ. ಒಬ್ಬರಿಗೆ ಎಷ್ಟು ಹೊತ್ತಾಗತ್ತೆ ಅಂತ ನೋಡಿದ್ದೀನಿ."

"ಇನ್ನೂ ನೂರು ಜನ ಇದ್ದಾರೆ."

"ಆಕೆ ಬಿದ್ರೆ ಮೂರಕ್ಕೂ ಹೊರಡಲ್ಲ, ನಾಲ್ಕಕ್ಕೂ ಹೊರಡಲ್ಲ. ಕಾಲು ಗಂಟೆ ಹೆಚ್ಚಿಗೆ ಕೊಡಿ, ಸಾಕು." ಇಲ್ಯಾಸ್ ದನಿ ಏರಿಸಲಿಲ್ಲ, ಕೈಯನ್ನೂ ಇಳಿಸಲಿಲ್ಲ. ಲೋಟ್ಟೆ ಗಡಿಯಾರ ನೋಡಿದಳು, ಒಳಗೆ ಡೀವರ್‌ಳನ್ನು ನೋಡಿದಳು, ಹೋಗಿ ಪೆಟ್ಟಿಗೆ ಹೊರುವವರಿಗೆ ಏನೋ ಹೇಳಿದಳು.

ಒಳಗೆ ಡೀವರ್‌ಗೆ ಮುಖಗಳು ಕಾಣುತ್ತಿದ್ದವು. ಇವಳು ಪ್ಯಾಕಿಂಗಿನ ಟ್ರೂಸ್, ಕನ್ನಡಕ ಬದಲಾಯಿಸಿದ್ದಾಳೆ. ಇವನ ಹೆಸರು ಮರೆತಿದೆ, ಮೀಸೆ ನೆನಪಿದೆ. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಉಸಿರಾಡುವಷ್ಟು ಹೊತ್ತಿರುತ್ತಿತ್ತು. ಎರಡು ಸಲ ಕುರ್ಚಿಯಲ್ಲಿ ಕೂತು ಎದ್ದಳು. ಬಾಗಿಲ ಕಡೆ ನೋಡಿದರೆ ಯಾರೂ ಇರುತ್ತಿರಲಿಲ್ಲ, ಇಲ್ಯಾಸನ ಬೆನ್ನು ಮಾತ್ರ.

"ಜನ ಕಡಿಮೆ ಬಂದಿದ್ದಾರಾ?" ಎಂದು ಮಗಳ ಕಿವಿಯಲ್ಲಿ ಕೇಳಿದಳು. ಸೀಮೆನ್ ಪರವಾಗಿ ಅವಳಿಗೆ ಸ್ವಲ್ಪ ಬೇಜಾರಾಗಿತ್ತು.

ಮಾರಿತ್ ಕಿಟಕಿಯಿಂದ ಹೊರಗೆ ನೋಡಿದಳು. ಕೊಡೆಗಳು ಸೈಕಲ್ ಸ್ಟ್ಯಾಂಡು ದಾಟಿದ್ದವು. ಗುಂಪಿಗೂ ಗುಂಪಿಗೂ ನಡುವೆ ಜಾಗ ಬಿಟ್ಟು ನಿಂತಿದ್ದವು.

"ಬಂದಿದ್ದಾರಮ್ಮ. ಬರ್ತಾನೇ ಇದ್ದಾರೆ."

ಮೂರೂ ಹತ್ತಕ್ಕೆ ಕೊನೆಯವನು ಹುಯ್ಬ್. ಡೀವರ್‌ಳ ಕೈಯನ್ನು ಎರಡು ಕೈಯಲ್ಲೂ ಹಿಡಿದು ಕುಲುಕಿ, ಆಚೆ ಬಾಗಿಲಿನಿಂದ ಹೋದ. ಇಲ್ಯಾಸನ ಸರದಿ ಬರಲೇ ಇಲ್ಲ. ಪೆಟ್ಟಿಗೆ ಹೊರುವವರು ಒಳಗೆ ಬಂದುಬಿಟ್ಟರು.

ಗುಂಡಿಯ ಹತ್ತಿರದ ದಾರಿ ಕಿರಿದು, ಎರಡೂ ಕಡೆ ಬೇಲಿಗಿಡ. ಮಳೆ ನಿಂತಿತ್ತು. ಇನ್ನೂರು ಜನ ಹಿಂದೆ ಬರುತ್ತಿದ್ದರು. ಬೇಲಿಯ ತಿರುವಿನಲ್ಲಿ ಇಲ್ಯಾಸ್ ನಿಂತು, ಗುಂಡಿಗೆ ಬೆನ್ನು ಹಾಕಿ, ಕೈ ಚಾಚಿದ. ಎಲ್ಲರೂ ಅಲ್ಲೇ ನಿಂತರು. ಮುಂದೆ ಹೋದವರು ತಾಯಿ, ಮಗಳು, ಪೆಟ್ಟಿಗೆ ಹೊತ್ತವರು, ಲೋಟ್ಟೆ.

"ಪೂರ್ತಿ ಇಳಿಸೋದಾ, ಇಲ್ಲಾ ಪೆಟ್ಟಿಗೆ ಮೇಲಿರುವಾಗ್ಲೇ ನೀವು ಹೊರಡ್ತೀರಾ?" ಲೋಟ್ಟೆ ತಗ್ಗಿದ ದನಿಯಲ್ಲಿ ಕೇಳಿದಳು. "ತುಂಬಾ ಜನ ನೋಡೋಕೆ ಇಷ್ಟಪಡಲ್ಲ."

"ಪೂರ್ತಿ," ಎಂದಳು ಡೀವರ್.

ಪೆಟ್ಟಿಗೆಯನ್ನು ಹಿಡಿದಿದ್ದ ಬಟ್ಟೆಯ ಪಟ್ಟಿಗಳು ಮೆಲ್ಲಗೆ ಬಿಚ್ಚಿಕೊಂಡವು. ಪೆಟ್ಟಿಗೆ ಹುಲ್ಲಿನ ಮಟ್ಟಕ್ಕಿಳಿಯಿತು, ಬೇರುಗಳು ಕಾಣುವ ಕಪ್ಪು ಮಣ್ಣಿನ ಮಟ್ಟಕ್ಕಿಳಿಯಿತು, ತಳದ ಒದ್ದೆ ಮರಳಿಗೆ ತಾಗಿ ನಿಂತಿತು. ಡೀವರ್ ರೆಪ್ಪೆ ಬಡಿಯದೆ ಅಷ್ಟನ್ನೂ ನೋಡಿದಳು. ಮಾರಿತ್ ಅತ್ತಳು. ಡೀವರ್ ಅಳಲಿಲ್ಲ, ನೋಡಿದಳು.

ಆಮೇಲೆ ತಿರುಗಿ ದಾರಿಯಲ್ಲಿ ಹಿಂದಕ್ಕೆ ಬಂದಳು. ಇಲ್ಯಾಸ್ ಇನ್ನೂ ಹಾಗೇ ನಿಂತಿದ್ದ. ನಲವತ್ತು ವರ್ಷ ಪಕ್ಕದಲ್ಲಿ ಕೆಲಸ ಮಾಡಿದವನು ಮಣ್ಣಿಗಿಳಿದದ್ದನ್ನು ಅವನೊಬ್ಬ ನೋಡಿರಲಿಲ್ಲ. ಹಿಂದೆ ಹೆಜ್ಜೆ ಸಪ್ಪಳ ಕೇಳಿದರೂ ತಿರುಗಲಿಲ್ಲ.

"ಇಳೀತಾ, ಅಕ್ಕ?"

"ಇಳೀತು. ನಾನು ನೋಡ್ದೆ."

ಯಾರೂ ಒತ್ತುತ್ತಿರಲಿಲ್ಲ, ಆದರೂ ಇಲ್ಯಾಸನ ಚಾಚಿದ ಕೈ ತಾನಾಗಿ ಇಳಿಯಲಿಲ್ಲ. ಡೀವರ್ ಉಂಗುರವಿಲ್ಲದ ಕೈಯಿಂದ ಅದನ್ನು ಹಿಡಿದು, ಮೆಲ್ಲಗೆ ಕೆಳಗಿಳಿಸಿದಳು.