ಸೀಟೆಲ್ಲ ಭರ್ತಿ

ನನ್ನ ಗಂಡ ಮು ಪೈರಾನ್ ವಕೀಲ. ಮನೆ ಕೆಡವಿಸಿಕೊಂಡವರು, ಪೊಲೀಸರಿಂದ ಒದೆ ತಿಂದವರು, ಇಂಥವರೇ ಅವನ ಕಕ್ಷಿದಾರರು. ಕೊನೆಗೆ ಸರ್ಕಾರದ ವಿರುದ್ಧ ಜನರನ್ನು ಎತ್ತಿಕಟ್ಟಿದ ಎಂದು ಅವನನ್ನೇ ಎಳೆದೊಯ್ದರು. ಎರಡು ವರ್ಷ ಅವನ ಮುಖ ನೋಡಲು ಬಿಡಲಿಲ್ಲ. ಹಾಗಾಗಿ ವಿಚಾರಣೆಯ ದಿನ ನನಗೆ ನ್ಯಾಯ ಗೀಯ ಏನೂ ಬೇಕಿರಲಿಲ್ಲ. ಅವನನ್ನು ಒಮ್ಮೆ ನೋಡಬೇಕಿತ್ತು, ನಾನಿದ್ದೇನೆ ಎಂದು ಅವನಿಗೆ ಕಾಣಬೇಕಿತ್ತು.

"ಬಹಿರಂಗ ವಿಚಾರಣೆ ಕಣಮ್ಮ, ಯಾರು ಬೇಕಾದ್ರೂ ಬರಬಹುದು," ಎಂದ ಗೇಟಿನ ಪೊಲೀಸಿನವ. "ಆದ್ರೆ ಸೀಟೆಲ್ಲ ಭರ್ತಿ."

"ಹೆಂಡ್ತಿಗೂ ಇಲ್ವಾ?"

"ಬೇಗ ಬರಬೇಕಿತ್ತು."

ಗೇಟು ತೆಗೆಯುವ ಮುಂಚಿನಿಂದ ಅಲ್ಲೇ ನಿಂತಿದ್ದೆ, ಮುಂಡೇದು! ಪರದೆ ಎಳೆದ ಬಸ್ಸೊಂದು ಹಿಂದಿನ ಗೇಟಿನಿಂದ ಒಳಹೋಗಿತ್ತು. ನಿವೃತ್ತರನ್ನು ತುಂಬಿಕೊಂಡು ಬಂದು ಕುರ್ಚಿ ಭರ್ತಿ ಮಾಡಿ, ಊಟದ ಡಬ್ಬಿ ಕೊಟ್ಟು ಕಳಿಸುವುದು ಇಲ್ಲಿ ಮಾಮೂಲು. ಸಂಜೆವರೆಗೆ ಚಳಿಯಲ್ಲಿ ನಿಂತು ಮನೆಗೆ ಬಂದೆ.

ಮೆಟ್ಟಿಲ ಮೇಲೆ ಕೆಳಮನೆಯ ಗೆಂಗ್ ಚಿಕ್ಕಮ್ಮ ಸಿಕ್ಕಳು, ಕೈಯಲ್ಲಿ ಅದೇ ಡಬ್ಬಿ. ಅವಳ ಹಳೇ ಮನೆ ಕೆಡವಿದಾಗ ಈ ಮನೆ ಕೊಡಿಸಿದ್ದು ಪೈರಾನ್. ನನ್ನ ಮೈಯೆಲ್ಲ ಉರಿಯಿತು.

"ಕೋಳಿ ಚೆನ್ನಾಗಿತ್ತಾ ಚಿಕ್ಕಮ್ಮ?"

"ಹಾಗನ್ಬೇಡ ಕಣೇ. ಬಡಾವಣೆ ಸಮಿತಿಯವರು ಕರೆದ್ರು. ಯಾವ ಕೇಸು ಅಂತ ಹೇಳ್ಲಿಲ್ಲ. ಅವನನ್ನ ಕರ್ಕೊಂಡು ಬಂದಾಗ್ಲೇ ಗೊತ್ತಾಗಿದ್ದು."

"ಎದ್ದು ಬರಬಹುದಿತ್ತಲ್ಲ."

"ಎದ್ದು ಬಂದು ಮಗನ ಕೆಲಸ ಕಳೀಲಾ?"

ಅವಳನ್ನು ದಾಟಿ ಹತ್ತಿಹೋಗಬೇಕೆನಿಸಿತು. ಆದರೆ ಅವನನ್ನು ಕಣ್ಣಾರೆ ನೋಡಿದ ಒಂದೇ ಜೀವ ಅದು. ಹಲ್ಲು ಕಚ್ಚಿಕೊಂಡು ಕೇಳಿದೆ.

"ಹೇಗಿದ್ದ?"

"ಸೊರಗಿಹೋಗಿದ್ದಾನೆ. ಕೂದಲೆಲ್ಲ ಬೆಳ್ಳಗಾಗಿದೆ. ಬಂದವನೇ ಒಂದೊಂದು ಸಾಲೂ ನೋಡ್ತಾ ಬಂದ. ನಿನ್ನನ್ನೇ ಹುಡುಕ್ತಿದ್ದ."

"ಆಮೇಲೆ?"

"ನಾನು ಕಣ್ಣಿಗೆ ಬಿದ್ದೆ. ನಕ್ಕುಬಿಟ್ಟ ಕಣೇ. ಅವನಿಗೋಸ್ಕರಾನೇ ಬಂದಿದ್ದೀನಿ ಅಂದ್ಕೊಂಡ. ಮುಖ ಅಷ್ಟಗಲ ಆಯ್ತು."

ಅಷ್ಟಾದರೂ ಸಿಕ್ಕಿತಲ್ಲ ಅವನಿಗೆ, ಸುಳ್ಳಾದರೂ ಸರಿ.

"ನೀವೂ ನಕ್ರಾ?"

"ಹೇಗೆ ನಗ್ಲಿ? ಎದುರಿಗೇ ಕ್ಯಾಮೆರಾ. ಮುಖ ತಿರುಗಿಸ್ಕೊಂಡೆ," ಎಂದಳು. "ಆಮೇಲೆ ಅವನು ತಲೆ ಎತ್ಲೇ ಇಲ್ಲ. ತಪ್ಪು ಮಾಡಿದ್ಯಾ ಅಂತ ಜಡ್ಜು ಕೇಳಿದ್ದಕ್ಕೆಲ್ಲ ಹೂಂ ಅಂದ."