ಕೊರಳಿಗೆ ಹಚ್ಚಿದ ದನಿ

ನಾನು ಒಂದು ಮುಷ್ಟಿಯಲ್ಲಿ ಹಿಡಿಯುವಷ್ಟು ಪುಟ್ಟ ಯಂತ್ರ. ನೋಡಿದವರು ಟಾರ್ಚು ಎಂದುಕೊಳ್ಳುತ್ತಾರೆ. ಆದರೆ ನನ್ನ ತುದಿಯಲ್ಲಿ ಬೆಳಕಿಲ್ಲ, ನಡುಗುವ ಒಂದು ಬಿಲ್ಲೆಯಿದೆ. ಗಂಟಲಿನ ಕ್ಯಾನ್ಸರ್‌ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವರು ನನ್ನನ್ನು ಕೊರಳಿಗೆ ಒತ್ತಿ ಗುಂಡಿ ಅದುಮಿದರೆ ಆ ನಡುಕ ಬಾಯೊಳಗೆ ಹೋಗುತ್ತದೆ. ತುಟಿ, ನಾಲಿಗೆ ಅದನ್ನು ತಿದ್ದಿ ಮಾತಾಗಿಸುತ್ತವೆ. ಸ್ವರ ನನ್ನದು, ಮಾತು ಅವರದು.

ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ ಯಾರೋ ಒಬ್ಬಾಕೆ ನನ್ನನ್ನು ಜೋಡಿಸಿ, ಕಿವಿಯ ಹತ್ತಿರ ಹಿಡಿದು ಗುಂಡಿ ಅದುಮಿದಳು. ಗುಂಯ್ ಎಂದೆ. ಏರಿಲ್ಲ, ಇಳಿವಿಲ್ಲ. ಪ್ರೀತಿಗೂ ಸಿಟ್ಟಿಗೂ ನನ್ನಲ್ಲಿರುವುದು ಅದೊಂದೇ ಸ್ವರ. ನನ್ನ ಮೊದಲ ಒಡೆಯರು ಗದಗಿನ ನಿವೃತ್ತ ಪೋಸ್ಟ್‌ಮಾಸ್ತರರು. ನನ್ನಿಂದಲೇ ಮೊಮ್ಮಗಳಿಗೆ ಮಗ್ಗಿ ಹೇಳಿಕೊಟ್ಟರು. ಅವರು ತೀರಿಕೊಂಡ ಮೇಲೆ ಮನೆಯವರು ನನ್ನನ್ನು ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಕೊಟ್ಟರು.

ಅಲ್ಲಿ ನಾನು ವಿನುತಾಳ ಕೈಸೇರಿದೆ. ಅವಳು ಡಾಕ್ಟರಲ್ಲ, ನರ್ಸೂ ಅಲ್ಲ. ತೊದಲುವವರಿಗೆ, ಲಕ್ವ ಹೊಡೆದು ಮಾತು ಕಳಕೊಂಡವರಿಗೆ, ಗಂಟಲು ಕೊಯ್ಸಿಕೊಂಡವರಿಗೆ ಮಾತು ಕಲಿಸುವವಳು. ಅಂಥದ್ದೊಂದು ಕೆಲಸವಿದೆ ಎಂದು ಬಹಳ ಜನಕ್ಕೆ ಗೊತ್ತಿರಲಿಲ್ಲ. "ಆಸ್ಪತ್ರ್ಯಾಗ ಏನೋ ಮಾಡ್ತಾಳ" ಎಂದು ಅವಳ ತಾಯಿಯೇ ಹೇಳುತ್ತಿದ್ದಳು. ಹಾಸಿಗೆ ಬಟ್ಟೆ ಇಡುತ್ತಿದ್ದ ಹಳೆಯ ಕೋಣೆಯೇ ಅವಳ ಕ್ಲಿನಿಕ್ಕು. ಒಂದು ಕನ್ನಡಿ, ಎರಡು ಕುರ್ಚಿ, ನಾನು.

ಬ್ಯಾಡಗಿಯಿಂದ ಗುರುಪಾದಪ್ಪ ಬಂದ. ಮೆಣಸಿನಕಾಯಿ ಪೇಟೆಯಲ್ಲಿ ಹರಾಜಿನ ಸವಾಲು ಕೂಗುತ್ತಿದ್ದ ಮನುಷ್ಯ. ಅವನ ದನಿ ರಸ್ತೆಯಾಚೆಗೂ ಕೇಳುತ್ತಿತ್ತಂತೆ. ಈಗ ಕೊರಳಲ್ಲಿ ಉಸಿರಾಡುವ ಒಂದು ತೂತು ಮಾತ್ರ. ಜೊತೆಗೆ ಹೆಂಡತಿ ಕಾಶವ್ವ. ಅವಳು ಪ್ರತಿ ಸಲವೂ ಬಾಗಿಲ ಪಕ್ಕ ಗೋಡೆಗೆ ಒರಗಿ ಕೂರುತ್ತಿದ್ದಳು.

ವಿನುತಾ ಅವನ ಕೊರಳನ್ನು ಬೆರಳಿನಿಂದ ತಡವಿ, ಮೆತ್ತನೆಯ ಜಾಗ ಹುಡುಕಿ, ನನ್ನನ್ನು ಅಲ್ಲಿ ಹಿಡಿಸಿದಳು. ಯಾವಾಗ ಗುಂಡಿ ಅದುಮಬೇಕು, ಯಾವಾಗ ಬಿಡಬೇಕು ಎಂದು ಕನ್ನಡಿಯ ಮುಂದೆ ತೋರಿಸಿದಳು. ಅವನು ಸಿಟ್ಟಿಗೇಳುವನು, ನನ್ನನ್ನು ಮೇಜಿನ ಮೇಲೆ ಕುಕ್ಕುವನು. ಅವಳು ಎತ್ತಿ ಮತ್ತೆ ಕೊಡುವಳು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಅವನು ಹೆಂಡತಿಯ ಕಡೆ ತಿರುಗಿ, "ನೀರ ಕೊಡ" ಎಂದ. ಸ್ಪಷ್ಟವಾಗಿತ್ತು. ವಿನುತಾಳ ಕಣ್ಣು ತುಂಬಿದವು. ಕಾಶವ್ವ ನೀರು ಕೊಟ್ಟು ಹೊರಗೆ ಹೋದಳು. ಸಂತೋಷಕ್ಕೆ ಅಳಲು ಹೋದಳು ಎಂದುಕೊಂಡಳು ವಿನುತಾ.

ವಿನುತಾ ನನ್ನನ್ನು ಅವನಿಗೇ ಬಳಸಲು ಕೊಟ್ಟಳು, ನಾನು ಬ್ಯಾಡಗಿಗೆ ಹೋದೆ. ಅಂದು ಊಟಕ್ಕೆ ಕೂತು ಗುರುಪಾದಪ್ಪ ನನ್ನನ್ನು ಕೊರಳಿಗೆ ಒತ್ತಿಕೊಂಡು, "ಸಾರಿಗೆ ಉಪ್ಪ ನಿಮ್ಮಪ್ಪ ಬಂದ ಹಾಕ್ತಾನೇನು?" ಎಂದ. ಆಮೇಲೆ ಮಾತು ನಿಲ್ಲಲಿಲ್ಲ. ಕಾಶವ್ವನ ನಡಿಗೆ, ಅಡಿಗೆ, ತವರು, ಬಂಜೆತನ ಎಲ್ಲಕ್ಕೂ ಬೈಗುಳ. ಅವನಿಗೆ ಕೂಗಲಾಗುತ್ತಿರಲಿಲ್ಲ. ಆದ್ದರಿಂದ ಅವಳ ಹಿಂದಿಂದೆಯೇ ಬಂದು ಕಿವಿಯ ಬಳಿ ನಿಂತು ಬೈಯುತ್ತಿದ್ದ. ಆ ಮಾತುಗಳೆಲ್ಲ ನನ್ನ ಸ್ವರದಲ್ಲೇ ಹೊರಟವು.

ಒಂದು ದಿನ ಅವನು ನಿದ್ದೆಹೋಗಿದ್ದಾಗ ಅವಳು ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು.

"ಬಾಯಾರ, ಇದನ್ನ ನೀವ ಇಟ್ಕೋರಿ. ಕೆಟ್ಟೈತಿ ಅಂತ ಹೇಳ್ತೀನಿ" ಎಂದಳು ವಿನುತಾಳಿಗೆ.

"ಕೆಟ್ಟಿಲ್ಲಲ್ರಿ ಕಾಶವ್ವಾರ."

"ಅವರ ಮಾತು ನಿಂತಾಗ ನಮ್ಮ ಅಕ್ಕ ಬಂದು ಉಳದ್ಲು. ಓಣ್ಯಾಗಿನವರು ಬಂದು ಕೂಡಾಕ ಹತ್ತಿದ್ರು. ಲಗ್ನ ಆಗಿ ಬಂದಾಗಿಂದ ಮೊದಲನೇ ಸಲ ನಾ ನನ್ನ ಮನ್ಯಾಗ ಬಾಯಿಬಿಟ್ಟು ಮಾತಾಡಿದ್ನಿ. ನೀವು ಅವರಿಗೆ ಮಾತು ಕೊಟ್ರಿ, ನಂದು ಹೋತು."

ವಿನುತಾ ನನ್ನನ್ನು ಅವಳ ಕೈಗೇ ಮರಳಿಸಿದಳು. "ಇದು ಅವರ ಗಂಟಲು ಇದ್ದಂಗ್ರಿ. ನಾ ಹೆಂಗ ಕಸ್ಗೊಳ್ಳಲಿ? ಅವರನ್ನ ಕರ್ಕೊಂಡು ಬರ್ರಿ, ಕೂತು ಮಾತಾಡೂಣು."

"ನಾ ಕರದ್ರ ಬರ್ತಾರೇನ್ರಿ ಅವರು?" ಎಂದು ಕಾಶವ್ವ ಎದ್ದಳು. ನಾನು ಬಂದ ಸೆರಗಿನಲ್ಲೇ ವಾಪಸ್ಸು ಹೋದೆ.

ಮರುವರ್ಷ ರೋಗ ಅವನ ಶ್ವಾಸಕೋಶಕ್ಕೆ ಇಳಿಯಿತು. ಕೈಯಲ್ಲಿ ಶಕ್ತಿಯಿಲ್ಲದೆ, ನನ್ನನ್ನು ಕೊರಳಿಗೆ ಹಿಡಿಯಲು ಕಾಶವ್ವನೇ ಬೇಕಾಯಿತು. ಬೈಸಿಕೊಳ್ಳಲು ತಾನೇ ಹಿಡಿದಳು. ಉಚ್ಚೆ, ಹೇಲು ಬಳಿದಳು, ಗಂಜಿ ಕುಡಿಸಿದಳು.

ಕೊನೆಯ ದಿನ ಬೆಳಿಗ್ಗೆ ಅವನು ಕಣ್ಣು ತೆರೆದು ತನ್ನ ಕೊರಳಿನತ್ತ ಸನ್ನೆ ಮಾಡಿದ. ನಾನು ಗೋಡೆಯ ಗೂಡಿನಲ್ಲಿದ್ದೆ. ಆಗಷ್ಟೇ ಅವಳೇ ನನ್ನನ್ನು ಚಾರ್ಜಿನಿಂದ ತೆಗೆದಿಟ್ಟಿದ್ದಳು.

"ಚಾರ್ಜ್ ಇಲ್ಲರಿ" ಎಂದಳು.

ಅವನು ಅವಳನ್ನೇ ನೋಡುತ್ತ ಮಲಗಿದ. ತುಟಿಗಳು ಮುಚ್ಚಿ ತೆರೆದವು. ಮತ್ತೊಮ್ಮೆ ಮುಚ್ಚಿ ತೆರೆದವು. ನಾನು ಕೊರಳಿಗೆ ತಾಗದೆ ಆ ಮಾತು ನನಗೂ ತಿಳಿಯಲಿಲ್ಲ. ಬಿಸಿಲು ಏರುವ ಮೊದಲೇ ಅವನ ಉಸಿರು ನಿಂತಿತು.

ದಿನಕರ್ಮ ಮುಗಿಸಿ ಕಾಶವ್ವ ನನ್ನನ್ನು ಹಿಂತಿರುಗಿಸಲು ಬಂದಳು. ಮೇಜಿನ ಮೇಲಿಟ್ಟಳು. ಹೋಗಲಿಲ್ಲ. ಆ ಬೆಳಗಿನ ಕಥೆಯನ್ನೆಲ್ಲ ಹೇಳಿ, ಕೊನೆಗೆ ಕೇಳಿದಳು:

"ನೀವು ತುಟಿ ನೋಡಿ ಮಾತು ತಿಳ್ಕೋತೀರಲ್ರಿ ಬಾಯಾರ. ಇದೇನು ಹೇಳ್ರಿ."

ಅವಳು ಗಂಡನ ಹಾಗೆ ತುಟಿ ಮುಚ್ಚಿ ತೆರೆದಳು. ಮತ್ತೊಮ್ಮೆ ಮಾಡಿ ತೋರಿಸಿದಳು. ವಿನುತಾ ಬಗ್ಗಿ ನೋಡಿದಳು, ಇನ್ನೊಮ್ಮೆ ಮಾಡಿಸಿದಳು.

"ಪ, ಬ, ಮ ಮೂರೂ ತುಟಿ ಮ್ಯಾಲೆ ಒಂದ ಥರ ಕಾಣ್ತಾವ್ರಿ. ಹೇಳಾಕ ಬರೂದಿಲ್ಲ."

"ಮಾಫಿ ಕೇಳಿದ್ದೂ ಇರಬಹುದೇನ್ರಿ?"

"ಇರಬಹುದು. ಬಾ ಅಂತ ಕರದಿದ್ದೂ ಇರಬಹುದು. ಬೈದಿದ್ದೂ ಇರಬಹುದು."

ಕಾಶವ್ವ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. "ಬೈದಾರಂತ ಹೇಳ್ರಿ ಬಾಯಾರ. ನಿಮ್ಮ ಬಾಯ್ಲೆ ಹೇಳ್ರಿ. ನನಗ ನಿದ್ದಿ ಬರಬೇಕು."

ಕೋಣೆಯ ಹೊರಗೆ ಯಾರೋ ಸ್ಟ್ರೆಚರ್‌ ತಳ್ಳಿಕೊಂಡು ಹೋದರು. ಅದರ ಸದ್ದು ಅಡಗುವವರೆಗೂ ವಿನುತಾ ಕಾದಳು.

"ಬೈದಾರ್ರಿ" ಎಂದಳು.

ಕಾಶವ್ವ ತಲೆಯಾಡಿಸಿ ಎದ್ದು ಹೋದಳು.

ಈಗ ನನ್ನ ಬ್ಯಾಟರಿ ಚಾರ್ಜು ಹಿಡಿಯುವುದಿಲ್ಲ. ವಿನುತಾಳ ಕಪಾಟಿನ ಗಾಜಿನ ಹಿಂದೆ ಬಿದ್ದಿದ್ದೇನೆ. ನನ್ನಂಥವೇ ಹೊಸ ಯಂತ್ರಗಳು ಬಂದಿವೆ, ಸ್ವರ ಏರಿಸಿ ಇಳಿಸುವಂಥವು. ಅವುಗಳನ್ನು ಯಾರದೋ ಕೊರಳಿಗೆ ಹಿಡಿಸುವ ಮುಂಚೆ ವಿನುತಾ, ಜೊತೆಗೆ ಬಂದು ಬಾಗಿಲ ಪಕ್ಕ ಕೂತ ಹೆಂಗಸಿನ ಮುಖವನ್ನು ಒಂದು ಗಳಿಗೆ ನೋಡುತ್ತಾಳೆ. ನೋಡಿ, ಕನ್ನಡಿಯನ್ನು ರೋಗಿಯ ಕಡೆ ತಿರುಗಿಸುತ್ತಾಳೆ.