ಮೋತ್ಯಾನ ನಮಸ್ಕಾರ

ಗುಡಿಯಲ್ಲಿ ಹಣಮಪ್ಪನಿಗೆ ಎಣ್ಣೆ ಹಚ್ಚುತ್ತಿದ್ದಾಗ ಪೂಜಾರಿ ರಾವಸಾಬನ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಇಂಡಿ ಊರಿನ ದನದ ದವಾಖಾನೆಯಿಂದ ಡಾಕ್ಟರ್ ನಿಷತ.

“ಅಜ್ಜಾರ, ನಿಮ್ಮ ಮೋತ್ಯಾ ಹೋತ್ರಿ. ಬೆಳಗಾಗೂದಕ್ಕ ಜೀವ ಬಿಟ್ಟಿತು.”

ಕೈಯ ಎಣ್ಣೆ ಒರೆಸಿಕೊಳ್ಳದೆ ಆತ ಬಸ್ಸು ಹತ್ತಿದ.

ಅಗರಖೇಡದ ಆ ಗುಡಿಯ ಹಿಂಗೋಡೆಗೆ ನಾಯಿ ಮೋತ್ಯಾ ಮೊದಲ ಸಲ ಹಣೆ ಒತ್ತಿ ನಿಂತಾಗ, ಕರೆದರೂ ತಿರುಗಿರಲಿಲ್ಲ. ಮುಂದೆ ರೊಟ್ಟಿ ಹಿಡಿದರೂ ಮೂಸಲಿಲ್ಲ. ಮರುದಿನವೂ ಅದೇ ಜಾಗ. ಮೂವತ್ತು ವರ್ಷ ತಾನು ಪೂಜಿಸಿದ ದೇವರಿಗೆ ತನ್ನ ನಾಯಿ ನಮಸ್ಕಾರ ಮಾಡುತ್ತಿದೆಯೆಂದು ರಾವಸಾಬನ ಕಣ್ಣು ತುಂಬಿದವು. ಅದರ ಹಣೆಗೆ ಸಿಂಧೂರ ಹಚ್ಚಿದ. ಕಾಯಿ ಒಡೆಸಲು ಬಂದವರು ನಾಯಿಗೂ ಕೈಮುಗಿದು ಹೋದರು.

ಅಕ್ಕ ಮರೆವ್ವ ಒಬ್ಬಳೇ ಬೈದಳು. “ಅದಕ್ಕ ಜಡ್ಡಾಗೇತೋ ತಮ್ಮಾ, ದವಾಖಾನಿಗೆ ಒಯ್ಯಿ.”

“ನಾಯಿಗಿದ್ದ ಭಕ್ತಿ ನಿನಗಿಲ್ಲಲ್ಲ, ಅದಕ್ಕ ಹೊಟ್ಟಿಕಿಚ್ಚು.”

“ಹೌದಪ್ಪಾ. ನಾಳಿಂದ ನಾನೂ ರೊಟ್ಟಿ ಬಡಿಯೂದ ಬಿಟ್ಟು ಗ್ವಾಡಿಗೆ ತಲಿ ಕೊಟ್ಟ ನಿಂದರತೀನಿ. ನನಗೂ ಸಿಂಧೂರ ಹಚ್ಚು!”

ಹೀಗೆ ಎಂಟು ದಿನ ಹೋದವು. ನಿನ್ನೆ ಅದು ನೆಲಕ್ಕೆ ಬಿದ್ದು ಕಾಲು ಬಡಿಯತೊಡಗಿದಾಗಲೇ ಆತ ಟಂಟಂ ಗಾಡಿ ಕರೆಸಿ ಇಂಡಿಗೆ ಒಯ್ದದ್ದು.

ದವಾಖಾನೆಯಲ್ಲಿ ಮೋತ್ಯಾನ ಮೇಲೆ ಗೋಣಿತಟ್ಟು ಹೊದಿಸಿದ್ದರು. ಹಣೆಯ ಸಿಂಧೂರ ಹಾಗೇ ಇತ್ತು.

“ಯಾಕ ಬಂತವ್ವಾ ಇದು?”

“ಮೆದುಳಿಗೆ ಬಾವು ಬಂದಿತ್ರಿ. ಡಿಸ್ಟೆಂಪರ್ ಅಂತ ಒಂದು ರೋಗ ಐತಿ, ಅದರಿಂದ ಬರತೈತಿ. ಅದಕ್ಕ ಲಸಿಕಿ ಐತಿ. ಉಣ್ಣಿ ಕಡದ್ರೂ ಬಾವು ಬರತೈತಿ. ಹುಚ್ಚುನಾಯಿ ರೋಗಾನೂ ಇರಬಹುದು, ನೀವು ಇವತ್ತ ಸೂಜಿ ಮಾಡಿಸ್ಕೋರಿ. ಒಮ್ಮೊಮ್ಮಿ ಯಾ ಕಾರಣಾನೂ ಸಿಗೂದಿಲ್ರಿ.”

ಲಸಿಕೆ ಹಾಕಿಸಿರಲಿಲ್ಲ. ಉಣ್ಣಿಗಳನ್ನು ಮಾತ್ರ ಸಂಜೆ ಕಟ್ಟೆಯ ಮೇಲೆ ಕೂತು ಒಂದೊಂದಾಗಿ ಕೀಳುತ್ತಿದ್ದ. ಸೂಜಿಯ ಮಾತು ಅವನಿಗೆ ಕೇಳಿಸಲೇ ಇಲ್ಲ.

“ಗ್ವಾಡಿಗೆ ಹಣಿ ಹಚ್ಚಿ ನಿಂದರತಿತ್ತಲ್ಲ?”

“ಮೆದುಳು ಬಾತಾಗ ಹಂಗ ಒತ್ತತಾವ್ರಿ. ತ್ರಾಸ ತಾಳೂದಿಲ್ಲ.”

“ಮೊದಲನೇ ದಿನಾನ ತಂದಿದ್ರ?”

ನಿಷತ ಕೈಗವಸು ಕಳಚಿದಳು. “ಏನಾರ ಮಾಡಿ ನೋಡಬಹುದಿತ್ರಿ. ಉಳೀತಿತ್ತು ಅಂತ ಹೇಳಾಕ ಬರೂದಿಲ್ಲ.”

ಹುಚ್ಚಿನ ಅನುಮಾನವಿದ್ದುದರಿಂದ ಹೆಣ ಕೊಡಲಿಲ್ಲ. ಮಣ್ಣು ಅಲ್ಲೇ ಮಾಡಿದರು.

ಮಧ್ಯಾಹ್ನ ರಾವಸಾಬ ಗುಡಿಯ ಹಿಂದೆ ಬಂದಾಗ ಮರೆವ್ವ ಅಲ್ಲೇ ಕೂತಿದ್ದಳು. ಅವನ ಬರಿಗೈ ನೋಡಿದಳು.

ಗೋಡೆಯಲ್ಲಿ ನೆಲದಿಂದ ಮೊಳದೆತ್ತರಕ್ಕೆ ಸಿಂಧೂರದ ಕೆಂಪು ಕಲೆಯೊಂದಿತ್ತು, ತಿಕ್ಕಿ ತಿಕ್ಕಿ ನುಣುಪಾಗಿತ್ತು. ಅಷ್ಟು ಕೆಳಗೆ ಬಾಗುವುದು ಕಷ್ಟವಾಯಿತು. ಮೊಳಕಾಲೂರಿ, ಒಂದು ಕೈ ನೆಲಕ್ಕೆ ಕೊಟ್ಟು, ಆತ ಅಲ್ಲಿ ಹಣೆ ಇಟ್ಟ. ಕಲ್ಲು ತಣ್ಣಗಿತ್ತು.

“ಹಣಮಪ್ಪಾ, ನಿನಗ ಕೈಮುಗೀತೈತಿ ಅಂದಿದ್ನಿ. ಅದು ತ್ರಾಸಿಗೆ ಒಳಗೊಳಗ ಚೀರತಿತ್ತು. ನನಗ ಕ್ಷಮಾ ಬ್ಯಾಡ. ಅದರ ತಲಿ ಮ್ಯಾಲೆ ಕೈ ಇಡಪ್ಪಾ. ಅದರ ಜೀವ ತಣ್ಣಗಿರಲಿ.”